ಆಂಟ್ರಿಮ್ ಕರಾವಳಿಯಲ್ಲಿ ವೆಸ್ಟರೋಸ್: ಬೆಲ್‌ಫಾಸ್ಟಿನಿಂದ ಒಂದು ದಿನದ ಪ್ರವಾಸ

ವೆಸ್ಟರೋಸ್ ಎಂಬ ಕಲ್ಪಿತ ನಾಡಿನ ಸಿಂಹಾಸನದ ಜಗಳವನ್ನು ಹೇಳುವ ಗೇಮ್ ಆಫ್ ಥ್ರೋನ್ಸ್ ಟಿವಿ ಧಾರಾವಾಹಿಯ ಮೊದಲ ಕಂತು 2011ರ ಏಪ್ರಿಲ್ 17ರಂದು ಪ್ರಸಾರವಾಯಿತು. ಎಂಟು ಸೀಸನ್‌ಗಳಲ್ಲಿ 73 ಕಂತುಗಳನ್ನು ಮುಗಿಸಿ ಅದು ಕೊನೆಗೊಂಡದ್ದು 2019ರ ಮೇ ತಿಂಗಳಿನಲ್ಲಿ. ಕಥೆಯ ರಾಜಧಾನಿಗಾಗಿ ಚಿತ್ರತಂಡ ಮೊದಲು ಮಾಲ್ಟಾಕ್ಕೂ ಆಮೇಲೆ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೂ ಹೋಯಿತು, ಹಿಮದ ಬಯಲುಗಳಿಗಾಗಿ ಐಸ್‌ಲೆಂಡಿಗೆ ಹೋಯಿತು, ದಕ್ಷಿಣದ ಬಿಸಿಲುನಾಡಿಗಾಗಿ ಸ್ಪೇನಿಗೆ ಹೋಯಿತು. ಆದರೆ ಎಲ್ಲಿಗೆ ಹೋದರೂ ಅದರ ಮನೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರವೇ ಆಗಿತ್ತು. ಟೈಟಾನಿಕ್ ಹಡಗನ್ನು ಕಟ್ಟಿದ ಹಾರ್ಲಂಡ್ ಅಂಡ್ ವುಲ್ಫ್ ಹಡಗುಕಟ್ಟೆಯಲ್ಲಿ ಪೇಂಟ್ ಹಾಲ್ ಎಂಬ ಭಾರೀ ಕಟ್ಟಡವೊಂದಿದೆ. ಹಡಗಿನ ಬೃಹತ್ ಭಾಗಗಳನ್ನು ಮಳೆಗಾಳಿಯ ಕಾಟವಿಲ್ಲದೆ ಒಳಗಿಟ್ಟು ಬಣ್ಣ ಬಳಿಯುವುದಕ್ಕಾಗಿ ಕಟ್ಟಿದ ಆ ನಾಲ್ಕು ಅಂಕಣಗಳ ಕಟ್ಟಡ, ಹಡಗಿನ ಕೆಲಸ ಇಳಿಮುಖವಾದ ಮೇಲೆ ಚಿತ್ರೀಕರಣದ ಸ್ಟುಡಿಯೋ ಆಯಿತು. ಅರಮನೆಗಳ ಒಳಾಂಗಣಗಳೆಲ್ಲ ಅಲ್ಲಿ ಎದ್ದು ನಿಂತವು. ಹೊರಾಂಗಣಕ್ಕೆ ಬೇಕಾದ ಗುಹೆ, ಬಂದರು, ಕ್ವಾರಿ, ಮರಗಳ ಸಾಲು ಇವೆಲ್ಲ ಸ್ಟುಡಿಯೋದಿಂದ ಒಂದೆರಡು ಗಂಟೆಯ ಹಾದಿಯಲ್ಲಿ, ಆಂಟ್ರಿಮ್ ಕೌಂಟಿಯ ಕರಾವಳಿಯುದ್ದಕ್ಕೂ ದೊರೆತವು. ಆ ಹಾದಿಯಲ್ಲಿ ಬಸ್ಸಿನಲ್ಲಿ ಕೂತು, ಬಲ್ಲವರೊಬ್ಬರ ಮಾತು ಕೇಳುತ್ತಾ ಇಡೀ ದಿನ ಸುತ್ತಿಬಂದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಧಾರಾವಾಹಿಯನ್ನು ಇನ್ನೂ ನೋಡದವರು ಮುಂದೆ ಓದಿದರೆ ಕಥೆಯ ಕೆಲವು ತಿರುವುಗಳು ಮೊದಲೇ ತಿಳಿದುಬಿಡುತ್ತವೆ ಎಂಬುದನ್ನು ಹೇಳಿಬಿಡುವುದು ನನ್ನ ಕರ್ತವ್ಯ.

ನಾನು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದೇನೆ. ಉಡುಪಿಯಿಂದ ತಂಗಿ ಬಂದಿದ್ದಾಗ, ಅವಳ ಬಹುದಿನದ ಆಸೆಯಂತೆ ಈ ಪ್ರವಾಸಕ್ಕೆ ಹೊರಟೆವು. ಡಬ್ಲಿನ್‌ನಿಂದ ಬೆಲ್‌ಫಾಸ್ಟಿಗೆ ಹೋಗುವ ಹೆದ್ದಾರಿಯಲ್ಲಿ ಗಡಿ ಎಲ್ಲಿ ದಾಟಿತೆಂದು ಗೊತ್ತೇ ಆಗುವುದಿಲ್ಲ. ವೇಗದ ಮಿತಿಯ ಫಲಕಗಳು ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತವೆ, ಅಷ್ಟೇ. ಆದರೆ ಉತ್ತರ ಐರ್ಲೆಂಡ್ ಯುನೈಟೆಡ್ ಕಿಂಗ್‌ಡಮ್‌ನ ಭಾಗವಾದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿಗೆ ಹೋಗಲು ಬ್ರಿಟನ್ನಿನ ಅನುಮತಿ ಬೇಕು. ತಪಾಸಣೆಯ ಗೇಟು ಕಾಣಿಸುವುದಿಲ್ಲ ಎಂಬ ಕಾರಣಕ್ಕೆ ಕಾನೂನು ಇಲ್ಲವೆಂದಾಗುವುದಿಲ್ಲ. ಐರ್ಲೆಂಡಿನಲ್ಲಿ ವಾಸವಿರುವ ನಮ್ಮವರು ಈ ವಿಷಯವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಬಾಡಿಗೆ ಕಾರಿನಲ್ಲಿ ನಾವೇ ಹೋಗಬಹುದಿತ್ತಲ್ಲ ಎಂದು ಸ್ನೇಹಿತರು ಕೇಳಿದರು. ಹೋಗಬಹುದಿತ್ತು, ಆದರೆ ನಮಗೆ ಸಿಗುತ್ತಿದ್ದದ್ದು ಜಾಗ ಮಾತ್ರ. ಒಂದು ಗುಹೆಯ ಎದುರು ನಿಂತಾಗ ಕ್ಯಾಮೆರಾ ಎಲ್ಲಿತ್ತು, ಯಾವ ಬಂಡೆಯನ್ನು ಮರೆಮಾಡಿದ್ದರು, ಪರದೆಯ ಮೇಲೆ ಕಂಡ ಕೋಟೆ ಇಲ್ಲಿ ಏಕಿಲ್ಲ ಎಂಬುದನ್ನು ಹೇಳುವವರು ಬೇಕು. ನಮ್ಮ ಮಾರ್ಗದರ್ಶಿ ಅದೇ ಕರಾವಳಿಯ ಮನುಷ್ಯರು, ಐವತ್ತು ದಾಟಿದವರು, ಧಾರಾವಾಹಿಯಲ್ಲಿ ಸಹಕಲಾವಿದರಾಗಿ ದುಡಿದವರು. ನೈಟ್ಸ್ ವಾಚ್ ಕಾವಲುಪಡೆಯ ಕಪ್ಪು ಉಡುಪು ತೊಟ್ಟು ಚಳಿಗಾಲದ ರಾತ್ರಿಗಳಲ್ಲಿ ಕೆಸರಿನ ನಡುವೆ ನಿಂತದ್ದನ್ನು, ಗಡ್ಡ ಬೋಳಿಸಬೇಡಿ ಎಂಬ ಸೂಚನೆ ಬಂದಮೇಲೆ ತಿಂಗಳುಗಟ್ಟಲೆ ಅದನ್ನು ಬೆಳೆಸಿಕೊಂಡದ್ದನ್ನು ಅವರು ಬಸ್ಸಿನ ಮೈಕಿನಲ್ಲಿ ಹೇಳುತ್ತಿದ್ದರೆ, ಹಿಂದಿನ ಸೀಟಿನ ಮಕ್ಕಳೂ ಸದ್ದಿಲ್ಲದೆ ಕೇಳುತ್ತಿದ್ದರು. ಅವರ ಕೈಯಲ್ಲಿ ಒಂದು ಕಡತವಿತ್ತು. ಪ್ರತಿ ನಿಲ್ದಾಣದಲ್ಲೂ ಆ ದೃಶ್ಯದ ಚಿತ್ರವನ್ನು ಅದರಿಂದ ತೆಗೆದು ನಮ್ಮ ಮುಂದೆ ಹಿಡಿದು, ಹಿಂದಿನ ಬೆಟ್ಟದ ಗೆರೆ ಚಿತ್ರದ ಗೆರೆಯೊಂದಿಗೆ ಕೂಡುವ ತನಕ ನಮ್ಮನ್ನು ಎಡಕ್ಕೆ ಬಲಕ್ಕೆ ಸರಿಸುತ್ತಿದ್ದರು. ಗೆರೆಗಳು ಕೂಡಿದ ಗಳಿಗೆಯಲ್ಲಿ ಬಸ್ಸಿನವರೆಲ್ಲ ಒಟ್ಟಿಗೆ ಉದ್ಗಾರ ತೆಗೆಯುತ್ತಿದ್ದೆವು.

ಬೆಲ್‌ಫಾಸ್ಟ್ ಬಿಟ್ಟ ಮೇಲೆ ಮೊದಲು ಎದುರಾಗುವುದು ಕ್ಯಾರಿಕ್‌ಫರ್ಗಸ್ ಕೋಟೆ. 1177ರ ಸುಮಾರಿಗೆ ನಾರ್ಮನ್ ದಳಪತಿ ಜಾನ್ ಡಿ ಕೂರ್ಸಿ ಕಟ್ಟಲಾರಂಭಿಸಿದ ಇದು ಧಾರಾವಾಹಿಗೆ ಸಂಬಂಧಿಸಿದ್ದಲ್ಲ. ಆದರೂ ನೀರಿನಂಚಿನಲ್ಲಿ ನಿಂತಿರುವ ಅದರ ಬೂದು ಗೋಡೆಗಳನ್ನು ನೋಡಿದರೆ, ಕಥೆಯವರು ಈ ನಾಡನ್ನು ಏಕೆ ಆರಿಸಿಕೊಂಡರೆಂದು ಕೇಳಬೇಕಾಗಿಲ್ಲ. ಅಲ್ಲಿಂದ ಲಾರ್ನ್‌ಗೆ ಹೋಗುವ ದಾರಿಯಲ್ಲಿ ಮ್ಯಾಗರಮೋರ್ನ್ ಎಂಬ ಹಳೆಯ ಸುಣ್ಣಕಲ್ಲಿನ ಕ್ವಾರಿಯಿದೆ. ನೈಟ್ಸ್ ವಾಚ್ ಪಡೆಯ ಕಾಸಲ್ ಬ್ಲ್ಯಾಕ್ ಕಾವಲುಕೋಟೆಯನ್ನು ಕಟ್ಟಿದ್ದು ಅಲ್ಲಿಯೇ. ಕ್ವಾರಿಯ ಕಡಿದಾದ ಕಲ್ಲುಗೋಡೆಯ ಬುಡದಲ್ಲಿ ಅಂಗಳ, ಮೆಟ್ಟಿಲು, ನಿಜವಾಗಿ ಮೇಲೇರುವ ಲಿಫ್ಟು ಸಹಿತ ಸೆಟ್ ಹಾಕಿ, ಕಲ್ಲುಗೋಡೆ ಮುಗಿದಲ್ಲಿಂದ ಮುಂದಕ್ಕೆ 700 ಅಡಿಯ ಹಿಮದ ಗೋಡೆಯನ್ನು ಕಂಪ್ಯೂಟರಿನಲ್ಲಿ ಬೆಳೆಸಿದರು. ಒಳಗೆ ಪ್ರವೇಶವಿಲ್ಲ. ನಮ್ಮ ಮಾರ್ಗದರ್ಶಿ ಕೆಸರಿನಲ್ಲಿ ನಿಂತ ರಾತ್ರಿಗಳು ಇಲ್ಲಿಯವೇ ಆದ್ದರಿಂದ ಅವರ ವರ್ಣನೆಯೇ ನಮಗೆ ದರ್ಶನವಾಯಿತು.

ಲಾರ್ನ್ ದಾಟಿದ ಮೇಲೆ ರಸ್ತೆ ಸಮುದ್ರಕ್ಕೆ ಅಂಟಿಕೊಂಡು ಸಾಗುತ್ತದೆ. ಒಂದು ಪಕ್ಕ ಸುಣ್ಣಕಲ್ಲಿನ ಕಡಿದಾದ ಬಿಳಿ ಬಂಡೆಗಳು, ಇನ್ನೊಂದು ಪಕ್ಕ ಅಲೆ. ವಿಲಿಯಂ ಬಾಲ್ಡ್ ಎಂಬ ಎಂಜಿನಿಯರ್ 1830ರ ದಶಕದಲ್ಲಿ ಬೆಟ್ಟದ ಅಂಚನ್ನು ಸಿಡಿಸಿ, ಆ ಕಲ್ಲನ್ನೇ ದಡಕ್ಕೆ ತುಂಬಿ ಈ ರಸ್ತೆಯನ್ನು ಮಾಡಿಸಿದ. ಅದಕ್ಕೆ ಮೊದಲು ಆಂಟ್ರಿಮ್‌ನ ಒಂಬತ್ತು ಕಣಿವೆಗಳ ಜನರಿಗೆ ಬೆಲ್‌ಫಾಸ್ಟಿಗಿಂತ ಎದುರುದಡದ ಸ್ಕಾಟ್ಲೆಂಡಿಗೆ ದೋಣಿಯಲ್ಲಿ ಹೋಗುವುದೇ ಸಲೀಸಾಗಿತ್ತಂತೆ. ಟಾರ್ ಹೆಡ್ ಭೂಶಿರದಿಂದ ಸ್ಕಾಟ್ಲೆಂಡಿನ ಕಿಂಟೈರ್ ತುದಿ 20 ಕಿಲೋಮೀಟರಿನ ಆಸುಪಾಸಿನಲ್ಲಿದೆ. ತಿಳಿಯಾದ ದಿನ ಕಣ್ಣಿಗೆ ಕಾಣುತ್ತದೆ. ಕೇರ್ನ್‌ಕ್ಯಾಸಲ್ ಬಳಿಯ ಬೆಟ್ಟವನ್ನು ಮಾರ್ಗದರ್ಶಿ ಕಿಟಕಿಯಿಂದ ತೋರಿಸಿದರು: ಮೊದಲ ಕಂತಿನಲ್ಲಿ ಉತ್ತರ ಸೀಮೆಯ ಒಡೆಯ ನೆಡ್ ಸ್ಟಾರ್ಕ್, ನೈಟ್ಸ್ ವಾಚ್ ಬಿಟ್ಟು ಓಡಿಬಂದ ಕಾವಲುಗಾರನ ತಲೆ ಕಡಿಯುವ ದೃಶ್ಯ ಅಲ್ಲಿ ನಡೆದಿತ್ತು. ಇಡೀ ಕಥೆಯ ನೀತಿ ಯಾವುದೆಂದು ಪ್ರೇಕ್ಷಕರಿಗೆ ತಿಳಿದದ್ದು ಆ ದೃಶ್ಯದಲ್ಲಿ. ಶಿಕ್ಷೆ ವಿಧಿಸಿದವನೇ ಖಡ್ಗ ಎತ್ತಬೇಕು ಎಂಬ ಮಾತನ್ನು ಆ ತಂದೆ ಮಗನಿಗೆ ಹೇಳಿದ್ದು ಅಲ್ಲಿಯೇ. ನಮಗೆ ಕಂಡದ್ದು ಹುಲ್ಲು, ಕುರಿಮಂದೆ ಮತ್ತು ಗಾಳಿ. ನನಗೆ ಅಷ್ಟೇ ಸಾಕಾಗಿತ್ತು.

ಕಾರ್ನ್‌ಲಾಕ್ ಎಂಬ ಪುಟ್ಟ ಬಂದರಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಆರನೆಯ ಸೀಸನ್‌ನಲ್ಲಿ ಹೊಟ್ಟೆಗೆ ಇರಿತವಾದ ನೆಡ್‌ನ ಮಗಳು ಆರ್ಯಾ ಸ್ಟಾರ್ಕ್ ಕಾಲುವೆಯ ನೀರಿನಿಂದ ಮೇಲೆದ್ದು ಹತ್ತಿಬರುವ ಕಲ್ಲಿನ ಮೆಟ್ಟಿಲುಗಳು ಈ ಬಂದರಿನವು. ಕಥೆಯಲ್ಲಿ ಅದು ಬ್ರಾವೋಸ್ ಎಂಬ ದೂರದ ಮಹಾನಗರ, ಇಲ್ಲಿ ಮೀನುಗಾರರು ದೋಣಿ ಕಟ್ಟುವ ಜಾಗ. ತಂಗಿ ಪಾಚಿಗಟ್ಟಿದ ಮೆಟ್ಟಿಲ ಕೊನೆಯವರೆಗೆ ಇಳಿದು ನೀರನ್ನು ಮುಟ್ಟಿ ಬಂದಳು. ಎದುರಿಗಿರುವ ಲಂಡನ್‌ಡೆರಿ ಆರ್ಮ್ಸ್ ಹೋಟೆಲು ಒಂದು ಕಾಲಕ್ಕೆ ವಿನ್‌ಸ್ಟನ್ ಚರ್ಚಿಲ್‌ಗೆ ಪಿತ್ರಾರ್ಜಿತವಾಗಿ ಬಂದಿತ್ತು ಎಂಬುದನ್ನೂ ಅಲ್ಲಿಯೇ ಕೇಳಿದೆವು.

ಕುಶೆಂಡನ್ ಗುಹೆಗಳ ಬಗ್ಗೆ ಮಾತ್ರ ವಿವರವಾಗಿ ಬರೆಯಬೇಕು. ಎರಡನೆಯ ಸೀಸನ್‌ನಲ್ಲಿ ಡಾವೋಸ್ ಎಂಬ ನಾವಿಕ ಕತ್ತಲಲ್ಲಿ ಹುಟ್ಟು ಹಾಕುತ್ತಾ ಮಾಟಗಾತಿ ಮೆಲಿಸಾಂಡ್ರೆಯನ್ನು ಕರೆತರುತ್ತಾನೆ. ಅವಳು ಆ ಗುಹೆಯಲ್ಲಿ ನೆರಳಿನ ಕೂಸೊಂದನ್ನು ಹೆರುತ್ತಾಳೆ. ಧಾರಾವಾಹಿಯಲ್ಲಿ ನನ್ನನ್ನು ಅತಿಯಾಗಿ ಹೆದರಿಸಿದ ದೃಶ್ಯ ಅದು. ಅಲ್ಲಿಗೆ ಹೋಗುವಾಗ ಆಳವಾದ, ಕಗ್ಗತ್ತಲ ಸುರಂಗವನ್ನು ನಾನು ನಿರೀಕ್ಷಿಸಿದ್ದೆ. ಎದುರಾದದ್ದು ಹಳ್ಳಿಯ ಅಂಚಿನಲ್ಲಿ, ಮನೆಗಳ ಸಾಲು ಮುಗಿಯುವಲ್ಲಿ, ಹತ್ತು ಹೆಜ್ಜೆ ಇಟ್ಟರೆ ಬೆಳಕಿಗೆ ಮರಳಬಹುದಾದ ಕಲ್ಲಿನ ಪೊಟರೆಗಳು. ಕೆಂಪು ಮಣ್ಣುಗಲ್ಲಿನಲ್ಲಿ ಉರುಟು ಕಲ್ಲುಗಳು ಹೂತುಕೊಂಡ ಗೋಡೆಗಳು. ಅವು ರೂಪುಗೊಂಡು 40 ಕೋಟಿ ವರ್ಷಗಳೇ ಆಗಿವೆ. ಬಾಯಿಯ ಒಂದು ಕಡೆ ಜಾಲರಿ ಅಡ್ಡವಿಟ್ಟು, ಒಂದೇ ದೀಪದ ಬೆಳಕನ್ನು ಕೆಳಗಿನಿಂದ ಬಿಟ್ಟು, ಉಳಿದೆಲ್ಲವನ್ನೂ ಕತ್ತಲಿಗೆ ಒಪ್ಪಿಸಿದರೆ ಈ ಪೊಟರೆ ಪಾತಾಳವಾಗುತ್ತದೆ. ಜಾಗ ಚಿಕ್ಕದೆಂದು ಕೆಲವರು ನಿರಾಶರಾದರು. ನನಗೆ ಅಲ್ಲಿ ಆ ಕೆಲಸಗಾರರ ಮೇಲೆ ಗೌರವ ಹುಟ್ಟಿತು: ದೀಪ ಹಿಡಿದವರು, ಚೌಕಟ್ಟು ಆರಿಸಿದವರು, ಆ ಕಲ್ಲಿನ ಒರಟುತನವನ್ನು ಮೊದಲು ಕಂಡು ಇದು ಸಾಕು ಎಂದವರು. ಹಳ್ಳಿಯೂ ನೋಡುವಂಥದ್ದು. ಇಂಗ್ಲೆಂಡಿನ ಕಾರ್ನ್‌ವಾಲ್ ಶೈಲಿಯ ಆ ಬಿಳಿ ಮನೆಗಳನ್ನು ಲಾರ್ಡ್ ಕುಶೆಂಡನ್‌ಗಾಗಿ ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲ್ಲಿಸ್ ರೂಪಿಸಿದರು. 1954ರಿಂದ ಹಳ್ಳಿಯ ಬಹುಭಾಗವನ್ನು ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ರಕ್ಷಣಾ ಸಂಸ್ಥೆ ನೋಡಿಕೊಳ್ಳುತ್ತಿದೆ.

ಬ್ಯಾಲಿಂಟಾಯ್‌ನಲ್ಲಿ ಊಟ. ನಮ್ಮಂಥ ಸಸ್ಯಾಹಾರಿಗಳಿಗೆ ತರಕಾರಿಯ ಬಿಸಿ ಸೂಪು ಮತ್ತು ಅಲ್ಲಿನವರು ವೀಟನ್ ಎಂದು ಕರೆಯುವ ಗೋಧಿಯ ಕಂದು ಬ್ರೆಡ್ಡು ಸಿಕ್ಕಿತು. ಚಳಿಗೆ ಅದು ಹಿತವಾಗಿತ್ತು. ಊಟ ಮುಗಿಸಿ ಅಂಕುಡೊಂಕಾದ ಇಳಿಜಾರಿನಲ್ಲಿ ಬಂದರಿಗೆ ಇಳಿದೆವು. ಸ್ಟಾರ್ಕ್ ಮನೆಯಲ್ಲಿ ಒತ್ತೆಯಾಳಾಗಿ ಬೆಳೆದ ಥಿಯಾನ್ ಗ್ರೇಜಾಯ್ ವರ್ಷಗಳ ನಂತರ ತನ್ನ ತಂದೆಯ ದ್ವೀಪಕ್ಕೆ ಮರಳುವಾಗ, ತನ್ನನ್ನು ಸ್ವಾಗತಿಸಲು ಯಾರೂ ಬಂದಿಲ್ಲವೆಂದು ಅರಿಯುವ ಬಂದರು ಇದು. ದಡದ ಮೇಲೆ ಸುಣ್ಣದ ಗೂಡು ಇಂದಿಗೂ ನಿಂತಿದೆ. ಹಿಂದೆ ಇಲ್ಲಿಯ ಬಿಳಿ ಕಲ್ಲನ್ನು ಸುಟ್ಟು ಸುಣ್ಣ ಮಾಡಿ ಹಡಗಿಗೆ ತುಂಬುತ್ತಿದ್ದರು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡುಗಳನ್ನು ಕಂಡು ಬೆಳೆದ ನಮಗಿಬ್ಬರಿಗೂ ಅದು ಏನೆಂದು ಯಾರೂ ಹೇಳಬೇಕಾಗಲಿಲ್ಲ. ಮಾರ್ಗದರ್ಶಿ ಬಸ್ಸಿನ ಹೊಟ್ಟೆಯಿಂದ ಉಣ್ಣೆಯ ನಿಲುವಂಗಿಗಳನ್ನು, ಖಡ್ಗಗಳನ್ನು, ಗ್ರೇಜಾಯ್ ಮನೆತನದ ಬಾವುಟವನ್ನು ಹೊರತೆಗೆದರು. ದೊಡ್ಡವರೂ ಮಕ್ಕಳೂ ಅವುಗಳನ್ನು ತೊಟ್ಟು ಚಿತ್ರ ತೆಗೆಸಿಕೊಂಡರು. ಎರಡನೆಯ ಸೀಸನ್ನಿನ ಮೂರನೆಯ ಕಂತಿನಲ್ಲಿ ಥಿಯಾನ್ ತಲೆಗೆ ಉಪ್ಪುನೀರು ಸುರಿಸಿಕೊಂಡು ದೀಕ್ಷೆ ಪಡೆಯುವ ಪುಟ್ಟ ಮರಳದಂಡೆಯ ಮೇಲೆ ನಾನು ಸುಮಾರು ಹೊತ್ತು ನಿಂತೆ. ತನ್ನನ್ನು ಸಾಕಿದವರಿಗೂ ಹೆತ್ತವರಿಗೂ ನಡುವೆ ಒಬ್ಬರನ್ನು ಆರಿಸಿಕೊಳ್ಳಬೇಕಾಗಿ ಬಂದ ಹುಡುಗನ ಕಥೆ ನನ್ನ ಪಾಲಿಗೆ ಈ ಧಾರಾವಾಹಿಯ ಅತ್ಯಂತ ದುಃಖದ ಕಥೆ, ಸಿಂಹಾಸನದ ಜಗಳಕ್ಕಿಂತ ಹೆಚ್ಚಿನದು.

ಅಲ್ಲಿ ನಿಂತಾಗಲೇ ಮಾರ್ಗದರ್ಶಿ ತಮ್ಮ ಬಾಲ್ಯದ ಬಗ್ಗೆ ಮಾತಾಡಿದರು. 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ, ಬ್ರಿಟನ್ನಿನಲ್ಲೇ ಉಳಿಯಬೇಕೇ ಐರ್ಲೆಂಡಿಗೆ ಸೇರಬೇಕೇ ಎಂಬ ಜಗಳದಲ್ಲಿ ಉತ್ತರ ಐರ್ಲೆಂಡಿನಲ್ಲಿ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಆ ಮೂರು ದಶಕಗಳಲ್ಲಿ ಹೊರದೇಶದವರು ಬೆಲ್‌ಫಾಸ್ಟಿನ ಹೆಸರನ್ನು ಕೇಳುತ್ತಿದ್ದದ್ದು ಬಾಂಬಿನ ಸುದ್ದಿಯಲ್ಲಿ. ಈ ಬಂದರಿಗೆ ಬರುತ್ತಿದ್ದವರು ಹತ್ತಿರದ ಊರಿನವರು ಮಾತ್ರ ಎಂದು ಅವರು ಹೇಳಿದರು. ಈಗ ಬ್ರೆಜಿಲ್, ಕೊರಿಯಾ, ಭಾರತ ಎಂದು ಹೆಸರು ಹೇಳುವ ಜನ ಬಂದು ತಮ್ಮ ಊರಿನ ಕಲ್ಲನ್ನು ಮುಟ್ಟಿ ನೋಡುವುದನ್ನು ಕಂಡರೆ ಆಗುವ ಹಿಗ್ಗನ್ನು ಅವರು ಮುಚ್ಚಿಡಲಿಲ್ಲ. ಪ್ರವಾಸದ ಉದ್ದಕ್ಕೂ ಕೇಳಿದ ಮಾತುಗಳಲ್ಲಿ ನನ್ನೊಳಗೆ ಆಳವಾಗಿ ಇಳಿದದ್ದು ಇದು. ಡ್ರ್ಯಾಗನ್ನುಗಳ ಕಥೆಯೊಂದು ಒಂದು ನಾಡಿಗೆ ಅತಿಥಿಗಳನ್ನು ಮರಳಿ ಕೊಟ್ಟಿತು; ಒಂದು ಟಿವಿ ಧಾರಾವಾಹಿಯಿಂದ ಇಷ್ಟಾಗಬಲ್ಲದು ಎಂದು ನಾನು ಎಣಿಸಿರಲಿಲ್ಲ. ಆಗುಂಬೆಯಲ್ಲಿ ಶಂಕರ್ ನಾಗ್ ಅವರು ಮಾಲ್ಗುಡಿ ಡೇಸ್ ಚಿತ್ರಿಸಿದ ದೊಡ್ಡಮನೆಯನ್ನು ಹುಡುಕಿಕೊಂಡು ಇಂದಿಗೂ ಜನ ಹೋಗುತ್ತಾರಲ್ಲ, ಆ ಜಗಲಿಯ ಮೇಲೆ ಕೂತಾಗ ನನಗೂ ಇದೇ ಕೃತಜ್ಞತೆ ಮೂಡಿತ್ತು.

ಬ್ಯಾಲಿಂಟಾಯ್‌ಗೆ ಹತ್ತಿರದಲ್ಲೇ ಲ್ಯಾರಿಬೇನ್ ಕ್ವಾರಿ, ಅಂದರೆ ಸಿಂಹಾಸನಕ್ಕಾಗಿ ಹೊರಟ ರೆನ್ಲಿಯ ದಂಡು ಬೀಡುಬಿಟ್ಟಿದ್ದ, ಬ್ರಿಯೆನ್ ಎಂಬ ಯೋಧೆ ಮೊದಲ ಬಾರಿಗೆ ಶಿರಸ್ತ್ರಾಣ ತೆಗೆದು ಮುಖ ತೋರಿದ ಜಾಗ. ಅದಕ್ಕೆ ತಾಗಿಕೊಂಡು ಕ್ಯಾರಿಕ್-ಎ-ರೀಡ್ ತೂಗುಸೇತುವೆ. ಸಾಲ್ಮನ್ ಮೀನುಗಾರರು 1755ರಲ್ಲಿ ಮೊದಲು ಹಗ್ಗ ಕಟ್ಟಿದ ಈ ಸೇತುವೆ 20 ಮೀಟರ್ ಉದ್ದವಿದ್ದು ನೀರಿನಿಂದ ಸುಮಾರು 30 ಮೀಟರ್ ಎತ್ತರದಲ್ಲಿದೆ. ಗಾಳಿ ಜೋರಾದರೆ ಮುಚ್ಚುತ್ತಾರೆ. ನಾವು ಹೋದಾಗ ಮುಚ್ಚಿತ್ತು.

ಜೈಂಟ್ಸ್ ಕಾಸ್‌ವೇಯಲ್ಲಿ ಧಾರಾವಾಹಿಯ ಯಾವ ದೃಶ್ಯವೂ ಚಿತ್ರಿತವಾಗಿಲ್ಲ. ಆದರೂ ಪ್ರವಾಸದ ಬಸ್ಸುಗಳೆಲ್ಲ ಅಲ್ಲಿಗೆ ಹೋಗುತ್ತವೆ, ಹೋಗಲೇಬೇಕು. ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದು, ಬಹುಪಾಲು ಆರು ಮುಖಗಳಿರುವ ಸುಮಾರು 40,000 ಕಂಬಗಳಾಗಿ ಕಲ್ಲು ಸೀಳಿಕೊಂಡಿದೆ. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಕಂಬಗಳ ಮೇಲೆ ಕಾಲಿಟ್ಟ ಕೂಡಲೇ ತಂಗಿ, "ಅಕ್ಕಾ, ಇದು ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಅಲ್ವಾ!" ಎಂದು ಕೂಗಿದಳು. ಅವಳ ಮಾತು ಹುಸಿಯಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಶಾಲೆಯ ದಿನಗಳಿಂದ ನಾವು ಹತ್ತಿ ಇಳಿದ ಕಲ್ಲುಕಂಬಗಳು ಸಹ ಲಾವಾ ತಣಿದು ಸೀಳಿದ್ದರಿಂದಲೇ ಆದವು. ಅಲ್ಲಿನದು ಇಲ್ಲಿಯಂತೆ ಬಸಾಲ್ಟ್ ಎಂಬ ಕರಿಕಲ್ಲು ಅಲ್ಲ, ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾಶಿಲೆ. ವಯಸ್ಸಿನಲ್ಲಿ ಇದಕ್ಕಿಂತ ಹಿರಿಯದು, ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ್ದು. ಸೀಳುವ ನಿಯಮ ಮಾತ್ರ ಎರಡೂ ಕಡೆ ಒಂದೇ. ಇಲ್ಲಿನ ಜನ ಅದಕ್ಕೆ ಫಿನ್ ಮೆಕೂಲ್ ಎಂಬ ದೈತ್ಯನ ಕಥೆ ಕಟ್ಟಿದ್ದಾರೆ. ಸ್ಕಾಟ್ಲೆಂಡಿನ ಎದುರಾಳಿಯೊಡನೆ ಕಾದಾಡಲು ಅವನು ಸಮುದ್ರಕ್ಕೆ ಕಲ್ಲುದಾರಿ ಹಾಕಿದನಂತೆ; ಎದುರಾಳಿಯ ಗಾತ್ರ ಕಂಡು ಅಂಜಿದಾಗ ಹೆಂಡತಿ ಗಂಡನನ್ನೇ ತೊಟ್ಟಿಲಲ್ಲಿ ಮಲಗಿಸಿ, ಇದು ನಮ್ಮ ಮಗು ಎಂದಳಂತೆ. ಮಗುವೇ ಇಷ್ಟಿದ್ದರೆ ತಂದೆ ಎಷ್ಟಿರಬೇಕೆಂದು ಹೆದರಿ ಅವನು ದಾರಿಯನ್ನು ಕಿತ್ತುಹಾಕುತ್ತಾ ಓಡಿಹೋದನಂತೆ. ಮಕ್ಕಳಿಗೆ ಹೇಳಲು ಇಂಥ ಕಥೆ ನಮ್ಮ ದ್ವೀಪಕ್ಕೂ ಇರಬೇಕಿತ್ತು ಎಂದು ನಿಜವಾಗಿಯೂ ಅನ್ನಿಸಿತು.

ಕೊನೆಯ ನಿಲ್ದಾಣ ಡಾರ್ಕ್ ಹೆಡ್ಜಸ್. 1775ರ ಸುಮಾರಿಗೆ ಸ್ಟುವರ್ಟ್ ಕುಟುಂಬದವರು ಗ್ರೇಸ್‌ಹಿಲ್ ಹೌಸ್ ಎಂಬ ತಮ್ಮ ಮನೆಗೆ ಬರುವವರ ಕಣ್ಣು ತಣಿಯಲೆಂದು ದಾರಿಯ ಎರಡೂ ಬದಿಗೆ ಬೀಚ್ ಮರಗಳನ್ನು ನೆಟ್ಟರು. ಬೆಳಕಿಗಾಗಿ ಹೊಯ್ದಾಡುತ್ತಾ ಎರಡು ಸಾಲಿನ ಕೊಂಬೆಗಳು ತಲೆಯ ಮೇಲೆ ಹೆಣೆದುಕೊಂಡು ಚಪ್ಪರವಾಗಿವೆ. ಎರಡನೆಯ ಸೀಸನ್‌ನ ಆರಂಭದಲ್ಲಿ, ತಂದೆಯನ್ನು ಕಳೆದುಕೊಂಡ ಆರ್ಯಾ ಹುಡುಗನ ವೇಷದಲ್ಲಿ ರಾಜಧಾನಿಯಿಂದ ತಪ್ಪಿಸಿಕೊಂಡು ಬಂಡಿಗಳ ಜೊತೆ ಸಾಗುವ ರಾಜಮಾರ್ಗ ಇದು. ಪರದೆಯ ಮೇಲೆ ಕ್ಷಣಗಳಷ್ಟು ಮಾತ್ರ ಕಾಣಿಸಿದ ಈ ದಾರಿ ಆ ಕ್ಷಣಗಳ ಬಲದಿಂದ ಜಗತ್ಪ್ರಸಿದ್ಧವಾಯಿತು, ಮತ್ತು ಆ ಪ್ರಸಿದ್ಧಿಯೇ ಮರಗಳ ಮೇಲೆ ಭಾರವಾಯಿತು. ಬೀಚ್ ಮರದ ಬೇರುಗಳು ಆಳಕ್ಕೆ ಹೋಗುವುದಿಲ್ಲ. ಮೇಲ್ಮಣ್ಣಿನಲ್ಲೇ ಹರಡುವ ಆ ಬೇರುಗಳ ಮೇಲೆ ವಾಹನಗಳು ನಿಂತು, ಜನ ತುಳಿದು, ಮಣ್ಣು ಗಟ್ಟಿಯಾದರೆ ನೀರೂ ಗಾಳಿಯೂ ಕೆಳಗಿಳಿಯುವುದಿಲ್ಲ. 2017ರಿಂದ ಈ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಷೇಧಿಸಿದ್ದಾರೆ. ಆದರೂ ಮರಗಳು ತಮ್ಮ ಸಹಜ ಆಯುಷ್ಯವನ್ನು ದಾಟಿವೆ. ನೆಟ್ಟದ್ದರಲ್ಲಿ ಸುಮಾರು ಅರ್ಧದಷ್ಟು ಈಗಾಗಲೇ ಇಲ್ಲ. 2016ರ ಜನವರಿಯ ಗರ್ಟ್ರೂಡ್ ಬಿರುಗಾಳಿಗೆ ಮರಗಳು ಉರುಳಿದಾಗ ಆ ಕಟ್ಟಿಗೆಯಿಂದ ಹತ್ತು ಬಾಗಿಲುಗಳನ್ನು ಕೆತ್ತಿಸಿ, ಆರನೆಯ ಸೀಸನ್‌ನ ಒಂದೊಂದು ಕಂತಿಗೆ ಒಂದೊಂದರಂತೆ, ನಾಡಿನ ಬೇರೆಬೇರೆ ಪಬ್ಬು ಹೋಟೆಲುಗಳಲ್ಲಿ ನಿಲ್ಲಿಸಿದರು. 2023ರಲ್ಲಿ ಅಪಾಯದಲ್ಲಿದ್ದ ಇನ್ನೂ ಕೆಲವು ಮರಗಳನ್ನು ಕಡಿಯಬೇಕಾಯಿತು, 2025ರ ಜನವರಿಯ ಬಿರುಗಾಳಿಯಲ್ಲಿ ಮತ್ತೆ ಕೆಲವು ಬಿದ್ದವು. ಸಾಲಿನ ನಡುವೆ ಬಾಯ್ತೆರೆದ ಖಾಲಿ ಜಾಗಗಳು ಕಾಣುತ್ತವೆ. ಚಿತ್ರಕ್ಕಾಗಿ ಕೆಲವರು ಬೇರಿನ ದಿಬ್ಬ ಹತ್ತಿ ಕಾಂಡಕ್ಕೆ ಒರಗುವುದನ್ನು ಕಂಡು ನಮ್ಮ ಮಾರ್ಗದರ್ಶಿ ಪ್ರತಿಯೊಬ್ಬರ ಬಳಿಗೂ ಹೋಗಿ, ದಯವಿಟ್ಟು ದಾರಿಯ ಮೇಲೆಯೇ ನಿಲ್ಲಿ ಎಂದು ಕೇಳಿಕೊಂಡರು. ತಮ್ಮ ಗುಂಪಿನವರಲ್ಲದವರನ್ನೂ ಕೇಳಿಕೊಂಡರು. ಇಂಥ ಮಾರ್ಗದರ್ಶಿಯೊಬ್ಬರು ಜೊತೆಗಿರಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಹೋಗಬೇಕೆಂದಿರುವವರಿಗೆ ಇನ್ನೆರಡು ಮಾತು. ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸೂಕ್ತ. ಯಾವ ತಿಂಗಳಾದರೂ ಮಳೆಯಂಗಿ, ಜಾರದ ಬೂಟು ಬೇಕೇಬೇಕು, ಕಾಸ್‌ವೇಯ ಕರಿಕಲ್ಲು ಒದ್ದೆಯಾದರೆ ಬಹಳ ಜಾರುತ್ತದೆ. ಸ್ಟಾರ್ಕ್ ಮನೆತನದ ಕೋಟೆ ವಿಂಟರ್‌ಫೆಲ್‌ನ ಅಂಗಳವಾದ ಕಾಸಲ್ ವಾರ್ಡ್ ಈ ಹಾದಿಯಲ್ಲಿ ಬರುವುದಿಲ್ಲ. ಅದು ಬೆಲ್‌ಫಾಸ್ಟಿನ ದಕ್ಷಿಣಕ್ಕೆ, ಡೌನ್ ಕೌಂಟಿಯಲ್ಲಿದೆ. ಬ್ಯಾನ್‌ಬ್ರಿಜ್‌ನ ಲಿನನ್ ಮಿಲ್ ಸ್ಟುಡಿಯೋದಲ್ಲಿ 2022ರಿಂದ ಮೂಲ ಸೆಟ್ಟುಗಳನ್ನೂ ಉಡುಪುಗಳನ್ನೂ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದು ಬೆಲ್‌ಫಾಸ್ಟ್ ಮತ್ತು ಡಬ್ಲಿನ್ ನಡುವಿನ ಹೆದ್ದಾರಿಗೆ ಹತ್ತಿರವಿರುವುದರಿಂದ ಮರುದಿನ ಹಿಂತಿರುಗುವಾಗ ನೋಡಬಹುದು, ನಾವೂ ಹಾಗೆಯೇ ಮಾಡಿದೆವು. ಕರಾವಳಿಯನ್ನು ಮೊದಲು ನೋಡಿ ಸ್ಟುಡಿಯೋವನ್ನು ಆಮೇಲೆ ನೋಡುವ ಕ್ರಮವನ್ನೇ ನಾನು ಸೂಚಿಸುತ್ತೇನೆ. ಮರ, ಪ್ಲಾಸ್ಟರುಗಳಲ್ಲಿ ಮಾಡಿದ ಗೋಡೆಗಳ ಎದುರು ನಿಂತಾಗ, ಆ ಕಲಾವಿದರು ಯಾವ ಬಂಡೆಯ ಬಣ್ಣವನ್ನು ಅನುಸರಿಸಿದ್ದಾರೆಂದು ಗುರುತಿಸುವಷ್ಟು ಪರಿಚಯ ಆಗ ನಿಮ್ಮ ಕಣ್ಣಿಗಿರುತ್ತದೆ.